ಮರೆತ ವ್ರತ, ಮರೆಯದ ಹಸಿವು

ತಪಸ್ಸನ್ನು ಬಾಹ್ಯವೆಂದೂ ಆಭ್ಯಂತರವೆಂದೂ ವಿಂಗಡಿಸುವ ತತ್ತ್ವಾರ್ಥಸೂತ್ರವು ಉಪವಾಸವನ್ನು ಮೊದಲನೆಯದರಲ್ಲಿಯೂ ವೈಯಾವೃತ್ಯವನ್ನು ಎರಡನೆಯದರಲ್ಲಿಯೂ ಸೇರಿಸಿದೆ. ರೋಗಿಯ ಮೈ ಒರೆಸುವ, ಮಗ್ಗುಲು ಬದಲಿಸುವ ಕೆಲಸವು ಹೀಗೆ ಸ್ವಾಧ್ಯಾಯ ಮತ್ತು ಧ್ಯಾನಗಳ ಪಂಕ್ತಿಯಲ್ಲಿ ಕುಳಿತಿರುವುದು ಸಾಮಾನ್ಯ ಸಂಗತಿಯಲ್ಲ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’, ಅಂದರೆ ರೋಗಪೀಡಿತ, ಎಂಬ ಹೆಸರೂ ಇದೆ. ಅಲ್ಲಿಯ ಮಾತು ಮುನಿಸಂಘವನ್ನು ಕುರಿತದ್ದು, ನಿಜ. ಆದರೆ ಸಮಂತಭದ್ರಾಚಾರ್ಯರು ವೈಯಾವೃತ್ಯವನ್ನು ಶ್ರಾವಕನ ಶಿಕ್ಷಾವ್ರತಗಳಲ್ಲಿ ಎಣಿಸಿದ್ದಾರೆ. ಸಂಯಮಿಗಳ ಕಾಲೊತ್ತಿ ಕಲಿತ ಕೈ ಮನೆಯ ಮುಪ್ಪಿನ ಮುಂದೆ ಹಿಂದೆಗೆಯುವುದಕ್ಕೆ ಕಾರಣವಿಲ್ಲ.

ಮನೆಯ ಮುಪ್ಪು ಈಗ ಅನೇಕ ವೇಳೆ ಮನೆಯಲ್ಲಿಲ್ಲ. ಮಕ್ಕಳು ದೂರದ ನಗರಗಳಲ್ಲಿ, ಹೊರದೇಶಗಳಲ್ಲಿ ನೆಲೆಸಿದ್ದಾರೆ, ತಂದೆತಾಯಿಗಳು ಆಶ್ರಯಧಾಮಗಳಲ್ಲಿದ್ದಾರೆ. ಇದನ್ನು ಹಳಿಯುವುದು ಸುಲಭ. ಆ ಧಾಮದೊಳಗೆ ಏನು ನಡೆಯಬೇಕೆಂದು ವಿಚಾರಿಸುವುದು ಅದಕ್ಕಿಂತ ಕಷ್ಟದ ಕೆಲಸ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಎಂಬತ್ತು ದಾಟಿದ ಶ್ರಾವಕಿಯೊಬ್ಬರು ಎಳೆವಯಸ್ಸಿನಿಂದ ರಾತ್ರಿಭೋಜನವನ್ನು ತ್ಯಜಿಸಿದವರು. ಈಗ ಅವರಿಗೆ ಮರೆವಿನ ಕಾಯಿಲೆ. ವ್ರತದ ನೆನಪಿಲ್ಲ, ಮಗಳ ಗುರುತೂ ಇಲ್ಲ. ಐದೂವರೆಗೆ ಊಟ ಮುಗಿಸಿದ ಅಜ್ಜಿ ಎಂಟು ಗಂಟೆಗೆ ಎದ್ದು ಕುಳಿತು ಊಟದ ಮಾತೆತ್ತುತ್ತಾರೆ. “ಅಮ್ಮನ ವ್ರತ ಕೆಡಿಸಬೇಡಿ” ಎಂದು ಮಗಳು ಮೊದಲೇ ತಿಳಿಸಿದ್ದಾಳೆ. ಆಯಾ ಏನು ಮಾಡಬೇಕು?

ಮಗಳ ಮಾತು ಹಗುರವಾದದ್ದಲ್ಲ. ಅರವತ್ತು ಎಪ್ಪತ್ತು ವರ್ಷ ಪಾಲಿಸಿದ ನಿಯಮವು ಆ ತಾಯಿಯ ವ್ಯಕ್ತಿತ್ವದ ಭಾಗವೇ ಆಗಿದೆ. ಕಾಯಿಲೆ ಉಳಿಸಿದಷ್ಟೇ ಅವರು ಎಂದು ಬಗೆದರೆ ಆ ಬಾಳಿಗೆ ಅಗೌರವವಾಗುತ್ತದೆ. ಆದರೂ ತ್ಯಾಗವು ತ್ಯಜಿಸುವವನ ಸಂಕಲ್ಪದಿಂದ ಆಗುವಂಥದು. ಬೇಡುವ ಬಾಯಿಗೆ ಬೇರೊಬ್ಬರು ಅಡ್ಡ ಹಿಡಿದ ಕೈ ತ್ಯಾಗವೆನಿಸದು. ಅಡ್ಡ ಹಿಡಿದವರ ಪಾಲಿಗೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಮೊದಲನೆಯದು ಬಂಧ, ಅಂದರೆ ಕಟ್ಟಿಹಾಕುವುದು. ಇವನ್ನು ಹಸು ಎತ್ತುಗಳ ಸಂದರ್ಭದಲ್ಲಿ ವಿವರಿಸಿ ಮುಂದೆ ಸಾಗುವುದು ವಾಡಿಕೆ. ಬಿದ್ದಾರೆಂಬ ಭಯದಿಂದ ಮುದುಕರ ಕೈಯನ್ನು ಮಂಚಕ್ಕೆ ಬಿಗಿಯುವಾಗ ಆ ಮೊದಲನೆಯ ಅತಿಚಾರ ಯಾರಿಗೂ ನೆನಪಾಗುವುದಿಲ್ಲ.

ಕೊಡಬೇಕೇ ಬೇಡವೇ ಎಂಬುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಅಜ್ಜಿ ಕೇಳುತ್ತಿರುವುದಾದರೂ ಏನನ್ನು? ಐದೂವರೆಗೆ ಅವರು ನಿಧಾನವಾಗಿ ಅಗಿಯುತ್ತಿರುವಾಗಲೇ ತಟ್ಟೆಯನ್ನು ಎತ್ತಿಬಿಟ್ಟಿರಬಹುದು. ಬಾಯಾರಿಕೆಯನ್ನು ಹಸಿವೆಂದು ಹೇಳುತ್ತಿರಬಹುದು. ಅಥವಾ ಎಂಟು ಗಂಟೆಯೆಂದರೆ ಒಂದು ಕಾಲದಲ್ಲಿ ಗಂಡಸರು ಅಂಗಡಿ ಮುಚ್ಚಿ ಮನೆ ಸೇರುತ್ತಿದ್ದ ಹೊತ್ತು; “ಊಟವಾಯಿತೇ?” ಎಂಬ ಮಾತು ತಮಗಾಗಿ ಅಲ್ಲದೆ ಅವರಿಗಾಗಿ ಕೇಳಿದ್ದೂ ಆಗಿರಬಹುದು. ಆ ತಾಯಿಯ ಬಾಳನ್ನು ಅರಿತ ಆಯಾ ಮಾತ್ರ “ಎಲ್ಲರದೂ ಆಯಿತಮ್ಮ” ಎಂದು ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲಳು. ಹಸಿವೇ ನಿಜವಾದರೆ ಉಣಿಸಬೇಕು. ರಾತ್ರಿ ಹಾಲು ಹಣ್ಣುಗಳಿಗೆ ಎಡೆಯಿರಿಸಿಕೊಂಡು ನಿಯಮ ಹಿಡಿಯುವ ಶ್ರಾವಕರೂ ಇದ್ದಾರೆ; ಮಗಳಿಗೆ ಅಷ್ಟು ಸಮಾಧಾನ ಸಾಕಾಗಬಹುದು. ಸಾಲದಿದ್ದರೂ ಉಣಿಸಬೇಕು.

ಇದೇ ಧಾಮದ ಇನ್ನೊಂದು ಕೋಣೆಯಲ್ಲಿ ವ್ರತವನ್ನು ಚೆನ್ನಾಗಿ ನೆನಪಿಟ್ಟಿರುವ ವೃದ್ಧೆಯಿದ್ದು, ಅಡುಗೆಮನೆ ತಡಮಾಡಿ ಏಳೂವರೆಗೆ ಬಡಿಸಿತೆನ್ನೋಣ. ಅವರು ಸುಮ್ಮನೆ ಮಲಗುತ್ತಾರೆ. ದಾಖಲೆ ಪುಸ್ತಕದಲ್ಲಿ ‘ಊಟ ನಿರಾಕರಿಸಿದರು’ ಎಂದು ಬರೆಯಲಾಗುತ್ತದೆ. ಇದೂ ಅನ್ನಪಾನನಿರೋಧವೇ, ಯಾರೂ ಗದರದೆ ನಡೆದದ್ದು. ಒಬ್ಬರಿಗೆ ರಾತ್ರಿ ಉಣಿಸುವುದು ಧರ್ಮವಾದರೆ ಇನ್ನೊಬ್ಬರಿಗೆ ಸೂರ್ಯ ಮುಳುಗುವ ಮುನ್ನ ಉಣಿಸುವುದು ಧರ್ಮ.

ಇಂಗ್ಲೆಂಡಿನ ಟಾಮ್ ಕಿಟ್‌ವುಡ್ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರೆವಿನ ರೋಗಿಯ ವ್ಯಕ್ತಿತ್ವವು ಸುತ್ತಲಿನವರು ಸಂಬಂಧದ ಮೂಲಕ ಸಲ್ಲಿಸುವ ಸ್ಥಾನಮಾನವೆಂದು ವಾದಿಸಿದರು. ಅವರ ವಿಚಾರ ಅನೇಕ ದೇಶಗಳಲ್ಲಿ ವೃದ್ಧರ ಆರೈಕೆಯ ಕ್ರಮವನ್ನು ತಿದ್ದಿತು. ಜೈನತತ್ತ್ವ ಇಲ್ಲಿ ಒಂದು ಹೆಜ್ಜೆ ಬೇರೆಯಾಗಿ ಇಡುತ್ತದೆ. ಉಪಯೋಗವು ಜೀವದ ಲಕ್ಷಣ. ಜ್ಞಾನಾವರಣೀಯ ಕರ್ಮವು ಜ್ಞಾನವನ್ನು ಮುಚ್ಚೀತೇ ಹೊರತು ಅಳಿಸಲಾರದು. ಹಾಗಾದರೆ ಮಗಳನ್ನು ಗುರುತಿಸದ ತಾಯಿಗೆ ತೋರುವ ಗೌರವವು ಯಾರೋ ಕೊಡುವ ಕೊಡುಗೆಯಲ್ಲ, ಇರುವುದನ್ನು ಗುರುತಿಸುವ ಕ್ರಿಯೆ. ಕೊಡುಗೆಯಾದರೆ ಬೇಸರವಾದ ದಿನ ನಿಲ್ಲಿಸಬಹುದಾಗಿತ್ತು.

ಇಷ್ಟೆಲ್ಲಕ್ಕೂ ಜನ ಬೇಕು. ಭಗವತೀ ಆರಾಧನೆಯಲ್ಲಿ ಶಿವಾರ್ಯರು ಸಲ್ಲೇಖನೆ ಕೈಗೊಂಡ ಒಬ್ಬ ಕ್ಷಪಕನ ಸೇವೆಗೆ 48 ನಿರ್ಯಾಪಕರನ್ನು ಹೇಳಿದ್ದಾರೆ. ಎತ್ತಿ ಕೂರಿಸುವವರು ಬೇರೆ, ಧರ್ಮಕಥೆ ಹೇಳುವವರು ಬೇರೆ, ಮಲಮೂತ್ರ ತೆಗೆಯುವವರು ಬೇರೆ, ಬಾಗಿಲು ಕಾಯುವವರು ಬೇರೆ. ಅಷ್ಟು ಮಂದಿ ದೊರೆಯದ ಕಾಲದಲ್ಲಿ ಕಡಿಮೆ ಮಾಡುತ್ತ ಬರಬಹುದು. ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬನೇ ಇದ್ದರೆ ಅವನು ಆಹಾರಕ್ಕೆ ಹೋದಾಗ ರೋಗಿ ಒಂಟಿಯಾಗುತ್ತಾನೆ, ಹೋಗದಿದ್ದರೆ ತಾನೇ ಬಳಲುತ್ತಾನೆ. ಸೇವಕನ ಹಸಿವೂ ಆಚಾರ್ಯರ ಲೆಕ್ಕದಲ್ಲಿತ್ತು.

ಧಾಮ ಕಟ್ಟಲು ಹೊರಟ ಟ್ರಸ್ಟುಗಳ ಸಭೆಯಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಎಲ್ಲಿರಬೇಕೆಂಬ ಚರ್ಚೆಗೆ ಸಮಯದ ಕೊರತೆಯಿರುವುದಿಲ್ಲ. ರಾತ್ರಿ ಪಾಳಿಗೆ ಎಷ್ಟು ಜನ, ಅವರ ಸಂಬಳವೆಷ್ಟು, ಅಜ್ಜಿಯ ಪಕ್ಕದಲ್ಲಿ ಕುಳಿತ ಆಯಾ ತಾನು ಉಣ್ಣುವುದು ಎಷ್ಟು ಹೊತ್ತಿಗೆ ಎಂಬ ವಿಷಯಗಳು ಆಯವ್ಯಯ ಪತ್ರದ ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಸದಸ್ಯರು ಎದ್ದು ಹೊರಟಿರುತ್ತಾರೆ.