ಪುಕ್ಕಟೆ ಕೇಡು, ಪುಕ್ಕಟೆ ಬಲ

ಒಂದು ಹೊಸ ಜನಾಂಗವನ್ನು ಹುಟ್ಟಿಸಲು ಈಗ ಒಂದು ಸಂಜೆ ಸಾಕು. ಟಾರ್ನ್ ಆಡಮ್ಸ್ ಮತ್ತು ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಕಟ್ಟಿದ ‘ಡ್ವಾರ್ಫ್ ಫೋರ್ಟ್ರೆಸ್’ ಆಟ 2006ರಿಂದ ಜನರ ಕೈಯಲ್ಲಿದೆ. ಅದರ ಜೀವಿಗಳು, ನಾಗರಿಕತೆಗಳು, ಲೋಹಗಳು ಎಲ್ಲವೂ ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಸಾದಾ ಫೈಲುಗಳಲ್ಲಿವೆ. ಆಟಗಾರರೇ ಬರೆದು ಸೇರಿಸುವ ಇಂಥ ಹೊಸ ಭಾಗಕ್ಕೆ ‘ಮಾಡ್’ ಎನ್ನುತ್ತಾರೆ. ಆಟದಲ್ಲಿ ನಾವು ಆಳುವ ಕುಬ್ಜರ ಬದಲು ಹಲ್ಲಿಮೈಯವರನ್ನು ಆಳಬೇಕೆನಿಸಿದರೆ, ಕಬ್ಬಿಣಕ್ಕಿಂತ ಗಟ್ಟಿಯಾದ ನೀಲಿ ಲೋಹವೊಂದು ಬೇಕೆನಿಸಿದರೆ, ಕೆಲವು ಸಾಲು ಬರೆದರಾಯಿತು. ನಮ್ಮ ಕಾಲದ ಹುಡುಗ ಹುಡುಗಿಯರು ಬ್ರಹ್ಮನ ಕೆಲಸವನ್ನು ಇಷ್ಟು ಹತ್ತಿರದಿಂದ ಮಾಡಿನೋಡುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಅದಕ್ಕೇ ಆ ಸಾಲುಗಳನ್ನು ಹೇಗೆ ಬರೆಯುತ್ತಾರೆ ಎಂಬುದು ಮುಖ್ಯ.

ಈ ಆಟದ ಒಂದು ಏರ್ಪಾಡು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಇಲ್ಲಿ ಮೈ ಒಂದು ಫೈಲಿನಲ್ಲಿದೆ, ನಡತೆ ಇನ್ನೊಂದರಲ್ಲಿ. ಎಷ್ಟು ಎತ್ತರ, ಎಷ್ಟು ಆಯುಸ್ಸು, ಹಸಿವಾಗುತ್ತದೆಯೇ ಇಲ್ಲವೇ ಎಂಬುದು ಜೀವಿಯ ಫೈಲಿಗೆ ಸೇರಿದ್ದು. ಕಳ್ಳತನ, ಚಿತ್ರಹಿಂಸೆ, ಗುಲಾಮಗಿರಿ, ಮರ ಕಡಿಯುವುದು, ಸತ್ತ ಶತ್ರುವನ್ನು ತಿನ್ನುವುದು ಇವೆಲ್ಲ ನಾಗರಿಕತೆಯ ಫೈಲಿಗೆ ಸೇರಿದ್ದು. ಅಲ್ಲಿ ಪ್ರತಿಯೊಂದು ಕೃತ್ಯದ ಎದುರು ಒಂದು ತೀರ್ಪು ಬರೆಯಬೇಕು: ಒಪ್ಪಿತ, ಅವರವರಿಗೆ ಬಿಟ್ಟದ್ದು, ಬಹಿಷ್ಕಾರ, ಗಡಿಪಾರು, ಮರಣದಂಡನೆ, ಊಹೆಗೂ ಮೀರಿದ್ದು. ಆಟದ ಎಲ್ಫ್ ಎಂಬ ಜನಾಂಗಕ್ಕೆ ಮರ ಕಡಿಯುವುದೆಂದರೆ ಸಹಿಸಲಾಗದ ಪಾಪ. ಯುದ್ಧದಲ್ಲಿ ಬಿದ್ದವನನ್ನು ತಿನ್ನುವುದು ಮಾತ್ರ ಒಪ್ಪಿತ. ಓದಿದವರಿಗೆ ಮೊದಲು ಮೈ ಜುಮ್ಮೆನ್ನುತ್ತದೆ. ಆಮೇಲೆ ಅನಿಸುತ್ತದೆ, ಪರರ ಆಚಾರ ಕಂಡಾಗ ಯಾವ ಸಮಾಜಕ್ಕಾದರೂ ಹೀಗೇ ಆಗಿರಬೇಕಲ್ಲವೇ.

ಗಾಬ್ಲಿನ್ ಎಂಬ ಇನ್ನೊಂದು ಜನಾಂಗದವರು ಬೇರೆಯವರ ಮಕ್ಕಳನ್ನು ಕದ್ದೊಯ್ಯುತ್ತಾರೆ. ಕದ್ದೊಯ್ದ ಕುಬ್ಜರ ಮಗು ಗಾಬ್ಲಿನ್‌ಗಳ ನಾಡಿನಲ್ಲೇ ಬೆಳೆಯುತ್ತದೆ, ಆ ನಾಡಿನ ಪ್ರಜೆಯಾಗುತ್ತದೆ, ಒಂದು ದಿನ ಅವರ ದಂಡಿನ ಜೊತೆ ತನ್ನ ಹೆತ್ತವರ ಕೋಟೆಯ ಬಾಗಿಲಿಗೇ ಬಂದು ನಿಲ್ಲಲೂಬಹುದು. ಎರಡು ಫೈಲುಗಳನ್ನು ಬೇರೆ ಇಟ್ಟದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಹುಟ್ಟು ಒಂದು, ಬಾಳು ಇನ್ನೊಂದು ಎಂಬ ಮಾತಿಗಾಗಿ ನೂರಾರು ವರ್ಷ ತಲೆ ಕೊಟ್ಟವರ ನೆಲದಲ್ಲಿ ಬೆಳೆದ ನನಗೆ, ಒಂದು ಆಟದ ಹೊಟ್ಟೆಯೊಳಗೆ ಆ ಮಾತು ಇರುವುದು ಕಂಡು ಸಂತೋಷವಾಗುತ್ತದೆ. ಹಾಗೆಂದು ಮೈಯ ಫೈಲು ಪೂರ್ತಿ ಮುಗ್ಧವೇನಲ್ಲ. ಸಿಟ್ಟು, ಕ್ರೌರ್ಯ, ಧೈರ್ಯದಂಥ ಪ್ರತಿಯೊಂದು ಸ್ವಭಾವಕ್ಕೂ ಅಲ್ಲಿ ಮೂರು ಅಂಕಿಗಳಿವೆ: ಕನಿಷ್ಠ, ನಡು, ಗರಿಷ್ಠ. ಏನೂ ಬರೆಯದೆ ಬಿಟ್ಟರೆ ಅವು 0, 50, 100. ಕ್ರೂರ ಜನಾಂಗ ಬೇಕೆಂದು ನಡುವಿನ ಅಂಕಿಯನ್ನು ಏರಿಸುವುದು ಒಂದು ಕೆಲಸ. ಕನಿಷ್ಠವನ್ನೇ ಏರಿಸಿಬಿಡುವುದು ಬೇರೆಯೇ ಕೆಲಸ. ಮೊದಲನೆಯದರಲ್ಲಿ ಹೆಚ್ಚಿನವರು ಕ್ರೂರರು. ಎರಡನೆಯದರಲ್ಲಿ ಒಬ್ಬ ಕರುಣಾಳು ಹುಟ್ಟುವ ದಾರಿಯೇ ಮುಚ್ಚಿಹೋಯಿತು.

ಹೊಸಬರ ಕೈ ಸಾಮಾನ್ಯವಾಗಿ ಕನಿಷ್ಠದ ಕಡೆಗೇ ಹೋಗುತ್ತದೆ, ಏಕೆಂದರೆ ಅದು ಸುಲಭ. ಹುಟ್ಟಾ ಕೆಟ್ಟವರಾದ ಜನಾಂಗವೊಂದಿದ್ದರೆ ಅವರು ಏಕೆ ಕೆಟ್ಟವರಾದರೆಂದು ಯೋಚಿಸುವ ಕಷ್ಟವಿಲ್ಲ, ಅವರನ್ನು ಕೊಂದವನಿಗೆ ಲೆಕ್ಕ ಕೇಳುವವರಿಲ್ಲ. ಇದನ್ನು ನಾನು ಪುಕ್ಕಟೆ ಕೇಡು ಎನ್ನುತ್ತೇನೆ. ಕಾದಂಬರಿಕಾರ ಟೋಲ್ಕಿನ್‌ಗೆ ಈ ತೊಡಕು ಗೊತ್ತಿತ್ತು. ತಮ್ಮ ಕಥೆಯಲ್ಲಿ ಆರ್ಕ್ ಎಂಬ ಕೆಟ್ಟ ಕುಲವನ್ನು ಹುಟ್ಟಿಸಿದ ಮೇಲೆ, ಇಡೀ ಕುಲವೊಂದು ಉದ್ಧಾರಕ್ಕೆ ಹೊರತಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಅವರನ್ನು ಕೊನೆಯವರೆಗೂ ಕಾಡಿತು. ಅವರದೇ ಕಥೆಯಲ್ಲಿ ಶಾಗ್ರಾಟ್, ಗೋರ್ಬಾಗ್ ಎಂಬ ಇಬ್ಬರು ಆರ್ಕ್‌ಗಳು ಯುದ್ಧ ಮುಗಿದ ಮೇಲೆ ದೊಡ್ಡ ದಣಿಗಳ ಕಾಟವಿಲ್ಲದ ಕಡೆ ಹೋಗಿ ಇರೋಣವೆಂದು ಮಾತಾಡಿಕೊಳ್ಳುತ್ತಾರೆ. ಅವರ ಬಯಕೆಯಲ್ಲೂ ಲೂಟಿಯಿದೆ, ಅವರು ಒಳ್ಳೆಯವರೇನೂ ಅಲ್ಲ. ಆದರೂ ಆ ಮಾತು ಕೇಳಿದ ಮೇಲೆ ಅವರನ್ನು ಬರೀ ಕಳೆ ಎಂದು ನೋಡಲಾಗುವುದಿಲ್ಲ. ನಮ್ಮ ಪುರಾಣಕಾರರಂತೂ ಈ ವಿಷಯದಲ್ಲಿ ಉದಾರಿಗಳು. ಹಿರಣ್ಯಕಶಿಪುವಿನ ಮನೆಯಲ್ಲಿ ಪ್ರಹ್ಲಾದ, ಪ್ರಹ್ಲಾದನ ಮೊಮ್ಮಗ ಬಲಿ. ದೀಪಾವಳಿಯಲ್ಲಿ ದೀಪ ಹಚ್ಚಿ ಕರೆಯುವುದು ಒಬ್ಬ ಅಸುರ ಚಕ್ರವರ್ತಿಯನ್ನು. ಅಸುರರನ್ನು ಬರೆದವರು ಕನಿಷ್ಠದ ಅಂಕಿಯನ್ನು ಸೊನ್ನೆಯಲ್ಲೇ ಬಿಟ್ಟಿದ್ದರು.

ಲೋಹದ ಕಥೆಯೂ ಇದೇ ಜಾಡಿನದು. ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಹರಿತ, ಎಲ್ಲ ಬೆಟ್ಟದಲ್ಲೂ ಸಿಗುವ ಲೋಹವನ್ನು ಯಾರು ಬೇಕಾದರೂ ಬರೆಯಬಹುದು. ಬರೆದ ದಿನವೇ ಆಟ ಸಪ್ಪೆಯಾಗುತ್ತದೆ. ಡ್ವಾರ್ಫ್ ಫೋರ್ಟ್ರೆಸ್‌ನ ಅಡಮಂಟೈನ್ ನೋಡಿ. ಕಬ್ಬಿಣದ ಸಾಂದ್ರತೆ 7850 ಎಂದಿದ್ದರೆ ಅದರದು 200. ಕಬ್ಬಿಣದ ಬೆಲೆ 10 ಎಂದಿದ್ದರೆ ಅದರದು 300. ಆದರೆ ಅದು ಸಿಗುವುದು ಪಾತಾಳದ ಆಳದಲ್ಲಿ. ಅದಿರಿನಿಂದ ಎಳೆಎಳೆಯಾಗಿ ಬಿಡಿಸಬೇಕು. ಆಸೆಗೆ ಬಿದ್ದು ಇನ್ನೂ ಕೆಳಗೆ ಅಗೆದರೆ ಟೊಳ್ಳು ಒಡೆದು ಪಿಶಾಚಿಗಳು ಮೇಲೆ ಬಂದು ಕೋಟೆಯನ್ನೇ ನುಂಗುತ್ತವೆ.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಗುವುದು ಅಲ್ಲಿನ ಉಕ್ಕು. ಅದರಲ್ಲಿ ಪಿಶಾಚಿ ಇಲ್ಲ, ಬರೀ ಲೆಕ್ಕವಿದೆ. ಕಬ್ಬಿಣ ಬೇಕು, ಬೀಡುಕಬ್ಬಿಣ ಬೇಕು, ಸುಣ್ಣಕಲ್ಲಿನಂಥ ಕಲ್ಲು ಬೇಕು, ಮತ್ತೆ ಇದ್ದಿಲು ಬೇಕು. ಲಾವಾದ ಮೇಲೆ ಕುಲುಮೆ ಕಟ್ಟಿ ಉರುವಲು ಉಳಿಸಿದರೂ ಉಕ್ಕಿನೊಳಗೆ ಸೇರಬೇಕಾದ ಇಂಗಾಲವನ್ನು ಉಳಿಸಲಾಗುವುದಿಲ್ಲ. ನೆಲದಲ್ಲಿ ಕಲ್ಲಿದ್ದಲು ಸಿಗದಿದ್ದರೆ ಕಾಡಿಗೇ ಕೊಡಲಿ ಹಾಕಬೇಕು. ಹೆಚ್ಚು ಮರ ಬಿದ್ದರೆ ಎಲ್ಫ್‌ಗಳ ದೂತರು ಬಂದು ಮಿತಿ ಹಾಕುತ್ತಾರೆ. ಒಂದು ಕತ್ತಿಯ ಅಂಚು ನೆರೆಯವರ ಧರ್ಮಕ್ಕೆ ತಾಗುವುದು ಹೀಗೆ. ಇದ್ದಿಲು ಬೇಡದ ಹೊಸ ಲೋಹವೊಂದನ್ನು ತಂದುಬಿಟ್ಟರೆ ಕಾಡು ಉಳಿಯಿತು ನಿಜ, ಆದರೆ ಇಬ್ಬರು ನೆರೆಯವರು ಕೂತು ಮಾತಾಡಬೇಕಾಗಿದ್ದ ಕಾರಣವೂ ಹೋಯಿತು.

ನಮ್ಮವರಿಗೆ ಈ ಲೆಕ್ಕ ಹೊಸದಲ್ಲ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ, ಎಲೆ ತುಂಬಿ ಬಾಯಿ ಮುಚ್ಚಿ ಕಾಯಿಸಿದ ಉಕ್ಕು ದಕ್ಷಿಣ ಭಾರತದಿಂದ ದೂರದ ನಾಡುಗಳಿಗೆ ಹೋಗುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ, ಉಕ್ಕಿನ ಕುಲುಮೆಗಳ ಕೆಲಸವನ್ನು ಬರೆದಿಟ್ಟಿದ್ದಾನೆ. ಇನ್ನು ಕೋಲಾರ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ, ಬಂಡೆ ಸಿಡಿದು ಸಾಯುವ ಭಯ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಬಿಡಿಸಿ ಬಿಸಾಡಿದ ಪುಡಿಯ ಸಯನೈಡ್ ಗುಡ್ಡಗಳು ಊರಿನ ಪಕ್ಕದಲ್ಲೇ ನಿಂತಿವೆ. ಕಾಲ್ಪನಿಕ ಲೋಹವನ್ನು ಬರೆಯುವ ಯಾರಾದರೂ ಆ ಗುಡ್ಡಗಳನ್ನು ಒಮ್ಮೆ ನೋಡಿ ಬರಲಿ ಎಂದು ನನಗೆ ಆಸೆ. ಲೋಹದ ಫೈಲಿನಲ್ಲಿ ಬಣ್ಣ, ತೂಕ, ಕರಗುವ ಶಾಖಕ್ಕೆ ಜಾಗವಿದೆ. ಅಗೆದವನ ಪುಪ್ಪುಸಕ್ಕೆ ಜಾಗವಿಲ್ಲ. ಅದನ್ನು ಬರೆಯುವವರೇ ಇನ್ನೆಲ್ಲಾದರೂ ಸೇರಿಸಬೇಕು, ಕುಲುಮೆಯ ಸಾಮಗ್ರಿಯಲ್ಲೋ, ಗಣಿಯ ಆಳದಲ್ಲೋ, ನೆರೆಯವರ ಸಿಟ್ಟಿನಲ್ಲೋ.

ಹಸಿವಿನ ವಿಷಯ ಒಂದು ಉಳಿಯಿತು. ಈ ಆಟದ ಗಾಬ್ಲಿನ್‌ಗಳಿಗೆ ಊಟ ಬೇಡ, ನೀರು ಬೇಡ, ಮುಪ್ಪಿನ ಸಾವೂ ಇಲ್ಲ. ಹೊರನೋಟಕ್ಕೆ ಇದು ವರ. ಆದರೆ ಅವರಿಗೆ ಬಿತ್ತನೆಯ ಕಾರಣವಿಲ್ಲ, ಸುಗ್ಗಿಯ ಕಾರಣವಿಲ್ಲ, ಉಂಡು ಹೋಗಿ ಎಂದು ಯಾರನ್ನೂ ಕರೆಯುವ ಕಾರಣವಿಲ್ಲ. ಅವರ ಕ್ರೌರ್ಯಕ್ಕೆ ಅಂಕಿಗಳಿಗಿಂತ ಇದೇ ಹೆಚ್ಚು ಹತ್ತಿರದ ವಿವರಣೆ ಎಂದು ನನಗೆ ತೋರುತ್ತದೆ. ಹೊಸ ಜನಾಂಗ ಬರೆಯುವವರು ಶಕ್ತಿಯನ್ನು ಕೂಡಿಸುವ ಮುಂಚೆ ಅದಕ್ಕೊಂದು ಕೊರತೆಯನ್ನು ಕೊಡಲಿ ಎನ್ನುವುದು ಇದಕ್ಕೇ.

ಬರೆದದ್ದನ್ನು ಪರೀಕ್ಷಿಸುವ ದಾರಿಯನ್ನೂ ಆಟವೇ ಕೊಟ್ಟಿದೆ. ಲೋಕವನ್ನು ಸೃಷ್ಟಿಸುವಾಗ ಅದು ಶತಮಾನಗಳ ಚರಿತ್ರೆಯನ್ನು ತಾನೇ ನಡೆಸಿ, ಯಾರು ಹುಟ್ಟಿದರು, ಎಲ್ಲಿಗೆ ವಲಸೆ ಹೋದರು, ಯಾರ ಕೈಯಲ್ಲಿ ಸತ್ತರು ಎಂದು ದಾಖಲಿಸುತ್ತದೆ. ಆ ದಂತಕಥೆಗಳ ಪಟ್ಟಿಯನ್ನು ಸಾವಧಾನವಾಗಿ ಓದಿ. ನಿಮ್ಮ ಜನಾಂಗದಲ್ಲಿ ಒಬ್ಬನಾದರೂ ತನ್ನವರನ್ನು ಬಿಟ್ಟು ಬೇರೆ ಊರಿನಲ್ಲಿ ನೆಲೆಸಿದನೇ, ಒಬ್ಬಳಾದರೂ ತನ್ನ ಕುಲದವರು ಮಾಡದ ಕೆಲಸ ಮಾಡಿದಳೇ ಎಂದು ಹುಡುಕಿ. ಇನ್ನೂರೈವತ್ತು ವರ್ಷ ಓಡಿಸಿದರೂ ಅಂಥ ಒಬ್ಬರೂ ಸಿಗದಿದ್ದರೆ ಫೈಲಿಗೆ ಹಿಂದಿರುಗಿ, ಮೂರು ಅಂಕಿಗಳಲ್ಲಿ ಮೊದಲನೆಯದನ್ನು ಇಳಿಸಿ, ಲೋಕವನ್ನು ಮತ್ತೆ ಮೊದಲಿನಿಂದ ಓಡಿಸಿ.