ಹುಸಿಯ ಮೊದಲ ಪಾಠ

ಎರಡೂವರೆ ವರ್ಷದ ಕೂಸು ಅಡಿಗೆಯ ಮನೆಯಿಂದ ಬಾಯೊರಸಿಕೊಳ್ಳುತ್ತ ಹೊರಬಂದು, ಬೆಲ್ಲವನ್ನು ತಾನು ಮುಟ್ಟಿಯೇ ಇಲ್ಲವೆಂದರೆ ಮನೆಯವರೆಲ್ಲ ನಗುವರು. ಹತ್ತು ವರ್ಷದ ಬಾಲಕನು ಅಂತಹ ಮಾತನ್ನಾಡಿದರೆ ಬೆನ್ನಿಗೆ ಪೆಟ್ಟು ಬೀಳುವುದು. ನಲವತ್ತರ ಗೃಹಸ್ಥನು ಆಡಿದರೆ ಅದಕ್ಕೆ ವ್ಯವಹಾರಕುಶಲತೆಯೆಂಬ ಹೆಸರು! ಬಿಡಬೇಕಾದುವನ್ನು ಎಣಿಸುವಾಗ ಬಸವಣ್ಣನವರು ಕಳವು ಕೊಲೆಗಳ ಬೆನ್ನಿಗೇ ಹುಸಿಯನ್ನು ಹೆಸರಿಸಿದರು. ಹಾಗಾದರೆ ಕೂಸಿನ ಹುಸಿಯೂ ದೋಷವೆ?

ಅದು ಹುಟ್ಟುವ ಬಗೆಯನ್ನು ನೋಡಬೇಕು. ತನ್ನ ಮನದಲ್ಲಿರುವುದು ತಾಯಿಯ ಮನಕ್ಕೆ ತಾನಾಗಿ ತಿಳಿಯದೆಂಬುದನ್ನು ಮಗುವು ಒಂದು ದಿನ ಕಂಡುಕೊಳ್ಳುತ್ತದೆ. ಹುಸಿಯಾಡುವ ಶಕ್ತಿ ಬರುವುದು ಅಂದಿನಿಂದ. ಆದುದರಿಂದಲೇ ಮನಶ್ಶಾಸ್ತ್ರಜ್ಞರು ಅದನ್ನು ಬುದ್ಧಿ ಬೆಳೆಯುತ್ತಿರುವುದರ ಕುರುಹೆಂದು ಎಣಿಸುವರು. ಪಿಯಾಜೆ ಎಂಬ ಪಂಡಿತನು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಸೋಜಿಗವಿದೆ. ಹಸುವಿನಷ್ಟು ದೊಡ್ಡ ನಾಯಿಯನ್ನು ಕಂಡೆನೆನ್ನುವುದು, ಶಾಲೆಯಲ್ಲಿ ಒಳ್ಳೆಯ ಅಂಕ ಬಂದಿತೆಂದು ತಾಯಿಯನ್ನು ವಂಚಿಸುವುದು, ಇವೆರಡರಲ್ಲಿ ಎಳೆಯ ಮಕ್ಕಳಿಗೆ ನಾಯಿಯ ಮಾತೇ ದೊಡ್ಡ ಸುಳ್ಳಾಗಿ ತೋರಿತು. ವಂಚನೆಯ ಅರಿವು ಅವರಿಗೆ ಆಮೇಲೆ ಬರುವಂತಹುದು.

ಡಾರ್ವಿನ್ನನು ತನ್ನ ಮಗನ ಶೈಶವವನ್ನು ಕುರಿತು 1877ರಲ್ಲಿ ಬರೆದ ಲೇಖನವೊಂದುಂಟು. ಎರಡು ವರ್ಷ ಎಂಟು ತಿಂಗಳ ಆ ಶಿಶುವು ಉಪ್ಪಿನಕಾಯಿಯ ರಸದ ಕಲೆಯಾದ ಮೇಲಂಗಿಯನ್ನು ಸುರುಳಿ ಸುತ್ತಿ ಮರೆಮಾಡಿತ್ತು. ತಂದೆಯು ಅದನ್ನು ವಂಚನೆಯೆಂದೇ ಬರೆದಿಟ್ಟನು. ಆದರೆ ಮಗನ ಒಳ್ಳೆಯ ಭಾವಗಳನ್ನೇ ನೆಚ್ಚಿ ಬೆಳೆಸಿದುದರಿಂದ ಅವನು ಬೇಗನೆ ಸತ್ಯವಂತನಾದನೆಂದೂ ಸೇರಿಸಿದನು. ಪೆಟ್ಟಿನ ಫಲ ಬೇರೆ. ಪಶ್ಚಿಮ ಆಫ್ರಿಕದ ಎರಡು ಶಾಲೆಗಳ ಮೂರು ನಾಲ್ಕು ವರ್ಷದ ಮಕ್ಕಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಹೊಡೆತ ಬಡಿತಗಳ ಶಾಲೆಯ ಮಕ್ಕಳೇ ಹೆಚ್ಚಾಗಿ ಸುಳ್ಳಾಡಿದರು. ಮಾತ್ರವಲ್ಲ, ಅದನ್ನು ಸಿಕ್ಕಿಬೀಳದಂತೆ ಜಾಣತನದಿಂದ ಉಳಿಸಿಕೊಂಡರು. ಬೆತ್ತವು ಅವರಿಗೆ ಕಲಿಸಿದುದು ಅದನ್ನೇ.

ಮನೆಯ ಪಾಠವು ಇದಕ್ಕಿಂತ ಮೆತ್ತಗಿನದು. ರಾಜಾಜಿನಗರವಾಗಲಿ, ವಿಜಯನಗರವಾಗಲಿ, ಬಸವಣ್ಣನವರ ಹೆಸರನ್ನೇ ಹೊತ್ತ ಬಸವೇಶ್ವರನಗರವಾಗಲಿ, ಚೀಟಿಯ ಹಣ ಕೇಳಲು ಬಂದವರಿಗೆ ‘ಅಪ್ಪ ಮನೆಯಲ್ಲಿಲ್ಲ’ ಎನ್ನಲು ಮಗುವನ್ನು ಬಾಗಿಲಿಗೆ ಕಳುಹಿಸುವ ಮನೆಗಳಿಲ್ಲದಿಲ್ಲ. ಕೆಂಗೇರಿಯ ಬಸ್ಸಿನಲ್ಲಿ ಟಿಕೆಟ್ಟಿನ ಉಳಿತಾಯಕ್ಕಾಗಿ ಮಗುವಿನ ವಯಸ್ಸನ್ನು ಇಳಿಸಿ ಹೇಳಿದಾಗ, ಅದು ತಾಯಿಯ ಮುಖವನ್ನೊಮ್ಮೆ ನೋಡಿ ಸುಮ್ಮನಾಗುತ್ತದೆ. ಎಲ್ಲಕ್ಕಿಂತ ಗಟ್ಟಿಯಾದುದು ರಜಾಚೀಟಿ. ನೆಂಟರ ಮದುವೆಗೆ ಹೊರಟವರು ‘ಮಗನಿಗೆ ಜ್ವರ’ ಎಂದು ಬರೆದು ಸಹಿ ಮಾಡಿ, ಆ ಮಗನ ಕೈಯಲ್ಲಿಯೇ ಕೊಟ್ಟು ಕಳುಹಿಸುವರು. ಅವನು ಓದಬಲ್ಲನು. ಮುಂದೊಂದು ದಿನ ಅಂಕಪಟ್ಟಿಗೆ ತಂದೆಯ ಸಹಿಯನ್ನು ತಾನೇ ಹಾಕಿಕೊಂಡನೆಂದು ಅದೇ ತಂದೆಯು ಬೆತ್ತವನ್ನೆತ್ತುವನು!

ಚೀಟಿಯ ಹಣಕ್ಕೆ ಹೆದರಿ ಒಳಕೋಣೆಯಲ್ಲಿ ಕುಳಿತವನ ಅಳುಕೂ ಬೆಲ್ಲ ಕದ್ದ ಕೂಸಿನ ಅಳುಕೂ ಮೂಲದಲ್ಲಿ ಒಂದೇ ಎನ್ನಬೇಕು. ಆದರೆ ಹಿರಿಯನಿಗೆ ಆ ಅಳುಕು ಬಹುಕಾಲ ನಿಲ್ಲದು. ಲಂಡನ್ನಿನ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಸ್ವಲಾಭಕ್ಕಾಗಿ ಮತ್ತೆ ಮತ್ತೆ ಸುಳ್ಳಾಡುವವನ ಮಿದುಳಿನಲ್ಲಿ ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗದ ಮಿಡಿತವು ಕುಗ್ಗುತ್ತ ಹೋಗುತ್ತದೆ. ಸುಳ್ಳು ಹಿಗ್ಗುತ್ತ ಹೋಗುತ್ತದೆ. ಕೂಸಿನ ಮುಖ ಕೆಂಪೇರುವುದು. ಹಿರಿಯನದು ಏರದು.

ನಿಜವನ್ನೇ ಬರೆದರೆ ಉಪಾಧ್ಯಾಯರು ರಜೆಯನ್ನು ಕೊಡದಿರಬಹುದು. ಹಾಜರಿಯಲ್ಲಿ ಒಂದು ದಿನ ಕಡಿಮೆಯಾಗಬಹುದು. ‘ಜ್ವರವೆಂದು ಬರೆಯಬಹುದಾಗಿತ್ತಲ್ಲ, ಅಪ್ಪಾ’ ಎಂದು ಮಗನೇ ಕೇಳಲೂಬಹುದು.