ಬಾಯಿ ಮುಚ್ಚಿಸಿದ ಎಚ್ಚರಿಕೆ

ದುಬೈನಲ್ಲಿ ಲೆಕ್ಕ ನೋಡುವ ನಾನು ಬಾಕಿಗಳನ್ನು 'ಆರ್' ಭಾಷೆಯಲ್ಲಿ ಕೂಡಿಸುತ್ತೇನೆ. ಒಮ್ಮೆ ಬೆಂಗಳೂರಿನಿಂದ ಬಂದ ಪಟ್ಟಿಯಲ್ಲಿ '1,20,000' ಎಂದಿತ್ತು. ನಮಗದು ಲಕ್ಷದ ಇಪ್ಪತ್ತು ಸಾವಿರ. ಆರ್‌ಗೆ ಅಲ್ಪವಿರಾಮ ಬಂದರೆ ಅದು ಸಂಖ್ಯೆಯೇ ಅಲ್ಲ. ಆ ಜಾಗದಲ್ಲಿ 'ಎನ್‌ಎ' ಎಂದಿಟ್ಟು ಎಚ್ಚರಿಸಿತು. ದೋಷವಾಗಿದ್ದರೆ ಕೆಲಸವೇ ನಿಲ್ಲುತ್ತಿತ್ತು. ಎಚ್ಚರಿಕೆ ಹೇಳಿ ಸುಮ್ಮನಾಗುತ್ತದೆ. ತಿಂಗಳ ಕೊನೆಯ ಅವಸರದಲ್ಲಿ 'ಸಪ್ರೆಸ್‌ವಾರ್ನಿಂಗ್ಸ್' ಬರೆದು ಅದರ ಬಾಯಿ ಮುಚ್ಚಿಸಿದೆ, ಎನ್‌ಎ ಬಿಟ್ಟು ಕೂಡಿಸು ಎಂದೆ. ಮೊತ್ತ ಬಂತು, ಒಬ್ಬರ ಬಾಕಿ ಪೂರ್ತಿ ಮಾಯವಾಗಿ.

ಯಂತ್ರ ಸುಳ್ಳು ಹೇಳಲಿಲ್ಲ, ನಾನು ಹೇಳಿಸಿದೆ. ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದರೆ ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ: ಕಾರಣ ತಿಳಿಯದಿದ್ದರೂ ಪುಸ್ತಕದಲ್ಲಿ ಅದಕ್ಕೊಂದು ಸಾಲುಂಟು. ಈಗ 'ಟ್ರೈಕ್ಯಾಚ್' ಬಳಸಿ, ಎಡವಿದ ಸಾಲುಗಳನ್ನೆಲ್ಲ ಬೇರೆ ಪಟ್ಟಿಗೆ ಬರೆಸುತ್ತೇನೆ. ತಪ್ಪು ಯಾರಿಗೂ ತಪ್ಪಿದ್ದಲ್ಲ. ಮುಚ್ಚಿಡುವುದು ಮಾತ್ರ ನಮ್ಮ ಕೈಯದು.